ಕೈತೋಟಕ್ಕೆ ಎಂಥ ಬೇಲಿ? ಮೊದಲು ಯಾರನ್ನು ತಡೆಯಬೇಕೋ ನೋಡಿ

ಬೇಲಿ ಸಾಮಾನಿನ ಅಂಗಡಿಗೆ ಹೋದರೆ 'ಎಷ್ಟು ಅಡಿ ಬೇಕು ಸಾರ್?' ಎಂದು ಕೇಳುತ್ತಾರೆ. ಯಾತಕ್ಕೆ ಬೇಕು ಎಂದು ಕೇಳುವವರಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ದಾರಿಹೋಕರ ಕಣ್ಣಿಗೆ ಹಿತ್ತಲು ಬೀಳಬಾರದೆಂದು ಪಡುವಣ ಬದಿಗೆ ಆರಡಿ ಎತ್ತರದ ತಗಡು ಹೊಡೆಸಿದೆ. ಆಷಾಢದ ಒಂದು ರಾತ್ರಿ ಕಂಬ ಸಮೇತ ಬದನೆ ಮಡಿಯ ಮೇಲೆ ಮಲಗಿತ್ತು.

ಹಾಗಾಗಿ ದುಡ್ಡು ತೆಗೆಯುವ ಮೊದಲು ಹಿತ್ತಲನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸುತ್ತಿ. ದನ ನುಗ್ಗುವುದು ಎಲ್ಲಿಂದ, ಕೋಳಿ ನುಸುಳುವುದು ಎಲ್ಲಿ, ಗಾಳಿ ಬಡಿಯುವುದು ಯಾವ ಕಡೆಯಿಂದ? ನಾಲ್ಕೂ ಬದಿಗೆ ಒಂದೇ ಬಗೆಯ ಬೇಲಿ ಇರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮಂಗನನ್ನು ಮಾತ್ರ ಈ ಲೆಕ್ಕದಿಂದ ಬಿಟ್ಟುಬಿಡಿ. ಅದಕ್ಕೆ ಬೇಲಿಯೆಂದರೆ ಕೂತು ತಿನ್ನುವ ಜಾಗ.

ಗಾಳಿಯ ಬದಿಗೆ ಸಂದು ಬಿಡಿ

ಸಂದಿಲ್ಲದ ಗೋಡೆಯಂಥ ಬೇಲಿಗೆ ಗಾಳಿ ಬಡಿದರೆ ಅದು ಮೇಲಿಂದ ಹಾರಿ, ಒಳಬದಿಯಲ್ಲಿ ಸುಳಿ ಸುತ್ತುತ್ತಾ ಇಳಿಯುತ್ತದೆ. ಬೇಲಿ ನಿಂತರೂ ಗಿಡ ಮಲಗುತ್ತದೆ. ಹತ್ತರಲ್ಲಿ ನಾಲ್ಕೈದು ಪಾಲು ಸಂದಿರುವ ಬೇಲಿಯಾದರೆ ಗಾಳಿ ಸೋಸಿ, ಸೊರಗಿ ಒಳಗೆ ಬರುತ್ತದೆ. ಐದಡಿ ಎತ್ತರದ ಇಂಥ ಬೇಲಿಯ ಹಿಂದೆ ಸುಮಾರು ಐವತ್ತು ಅಡಿಯವರೆಗೆ ಅದರ ಅನುಕೂಲ ಸಿಗುತ್ತದೆ. ಮರದ ಪಟ್ಟಿಯಾದರೂ ಸರಿ, ಬಿದಿರಿನ ತಟ್ಟಿಯಾದರೂ ಸರಿ. ಅಂಗಡಿಯವರು 'ಪ್ಯಾನೆಲ್' ಎಂದು ಮಾರುವುದೂ ಒಂದು ಬಗೆಯ ತಟ್ಟಿಯೇ.

ನನ್ನ ಆಯ್ಕೆ ಬಿದಿರು. ಆದರೆ ಹಸಿ ಬಿದಿರನ್ನು ಕಡಿದ ದಿನವೇ ತಂದು ಕಟ್ಟಿದರೆ, ಅದರೊಳಗಿನ ಪಿಷ್ಟಕ್ಕೆ ಕುಟ್ಟೆಹುಳ ಬಂದು ಕೆಲವೇ ತಿಂಗಳಲ್ಲಿ ಹಿಟ್ಟು ಉದುರಿಸುತ್ತದೆ. ಹಿರಿಯರು ಕಡಿದ ಬಿದಿರನ್ನು ಹಳ್ಳದ ನೀರಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದುದು ಇದಕ್ಕೇ. ಹಳ್ಳ ಇಲ್ಲದವರು ಬೊರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರಲ್ಲಿ ನೆನೆಸಿದ್ದನ್ನೇ ಕೇಳಿ ತರಬೇಕು. ತಟ್ಟಿಯ ಬುಡ ನೆಲದಿಂದ ಮೂರು ಬೆರಳು ಮೇಲಿರಲಿ, ಕಂಬ ಕಲ್ಲಿನದಿರಲಿ. ಮಣ್ಣಿಗೆ ತಾಗಿದ ಬಿದಿರು ಎರಡು ಮಳೆಗಾಲ ಕಂಡರೆ ಹೆಚ್ಚು.

ದನದ ಬದಿಗೆ ಜಾಲರಿ

ದನ ಬೇಲಿಯನ್ನು ಹಾರುವುದು ಅಪರೂಪ. ಅದು ಕುತ್ತಿಗೆ ಉಜ್ಜುತ್ತದೆ. ತುರಿಕೆ ಕಳೆದುಕೊಳ್ಳಲು ದಿನಾ ಬಂದು ಅದೇ ಜಾಗಕ್ಕೆ ಒರಗುತ್ತದೆ. ತಿಂಗಳೊಳಗೆ ಜಾಲರಿ ತೊಟ್ಟಿಲಿನ ಹಾಗೆ ಜೋಲುತ್ತದೆ, ಆಮೇಲೆ ಅದರ ಮೇಲಿಂದ ನಾಲಿಗೆ ಚಾಚಿದರೆ ಹರಿವೆ ಸಿಗುತ್ತದೆ.

ಇಲ್ಲಿ ನೋಡಬೇಕಾದ್ದು ತಂತಿಯ ಗೇಜು. ಅಂಕಿ ದೊಡ್ಡದಾದಷ್ಟೂ ತಂತಿ ತೆಳು. 14 ಗೇಜು ಎಂದರೆ ಬರೀ 2 ಮಿ.ಮೀ., 12 ಎಂದರೆ 2.6, 10 ಎಂದರೆ 3.25 ಮಿ.ಮೀ. 'ಹದಿನಾಲ್ಕು ಗಟ್ಟಿ ಬರ್ತದೆ' ಎನ್ನುವವರ ಮಾತು ಕೇಳಬೇಡಿ. ದನದ ಬದಿಗೆ 10, ಬೇರೆ ಕಡೆ 12 ಸಾಕು. ಕೋಳಿ ಇದ್ದರೆ ಕೆಳಗಿನ ಎರಡಡಿಗೆ ಸಣ್ಣ ಕಣ್ಣಿನ ಬಲೆ ಬೇರೆ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ತಂತಿ ಬಿಗಿದು ಜಾಲರಿಯನ್ನು ಅವಕ್ಕೆ ಕಟ್ಟಿಸಿ. ಎಂಟಡಿಗೊಂದು ಕಂಬ, ನೆಲದೊಳಗೆ ಎರಡಡಿ. ಎಳೆತವೆಲ್ಲ ಬೀಳುವುದು ಮೂಲೆಯ ಕಂಬಕ್ಕೆ, ಅದಕ್ಕೆ ಓರೆಯಾಗಿ ಇನ್ನೊಂದು ಕಂಬ ಆನಿಸಿ. ಆಳುಗಳು ಇದನ್ನೇ ಮರೆಯುವುದು.

ಉಳಿದ ಬದಿಗೆ

ಸಿಮೆಂಟಿನ ಅಚ್ಚು ಹಲಗೆ ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತದೆ, ನಿಜ. ಮೂಡಣಕ್ಕೆ ಹಾಕಿದರೆ ಪಕ್ಕದ ಮಡಿಗೆ ಎಳೆಬಿಸಿಲು ಸಿಗುವುದಿಲ್ಲ. ನಾನಂತೂ ಹಾಕಿಸುವುದಿಲ್ಲ. ಅವಸರವಿಲ್ಲದವರು ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟಗಳನ್ನು ಮುಂಗಾರಿನ ಮೊದಲ ಮಳೆಗೆ ಊರಲಿ. ಚಿಗುರುತ್ತದೆ, ಕಡಿದ ಸೊಪ್ಪು ಮಡಿಗೆ ಗೊಬ್ಬರ. ನಡುನಡುವೆ ಆಡುಸೋಗೆ ಹಾಕಿದರೆ ಆಡೂ ಬಾಯಿ ಹಾಕುವುದಿಲ್ಲ.

ಪಕ್ಕದವರ ಗಡಿಯ ಬಗ್ಗೆ ಒಂದಿಷ್ಟು ಅನುಮಾನವಿದ್ದರೂ ಗುಂಡಿ ತೋಡುವ ಮೊದಲು ಹದ್ದುಬಸ್ತು (ಸರ್ವೆಯವರಿಂದ ಗಡಿಯ ಅಳತೆ) ಮಾಡಿಸಿ, ಕಲ್ಲು ತೋರಿಸಿ. ಗೇಟಿನ ಅಗಲವನ್ನು ನಿಮ್ಮ ಮೈಯಳತೆಗೆ ಇಡಬೇಡಿ. ತುಂಬಿದ ಗೊಬ್ಬರದ ಕೈಗಾಡಿ ತಂದು ನಿಲ್ಲಿಸಿ, ಹಿಡಿದವನ ಮೊಣಕೈ ಎರಡೂ ಕಡೆ ತಾಗದಷ್ಟು ಬಿಟ್ಟು ಗುರುತು ಹಾಕಿ.