ದಸರಾ ರಜೆಯ ದಿನಸಿ: ಬಿಗಿ ಹಣದಲ್ಲಿ ಹಬ್ಬವನ್ನೂ ಮಕ್ಕಳ ಊಟವನ್ನೂ ನಿಭಾಯಿಸುವ ಬಗೆ

ಹಬ್ಬದ ಖರ್ಚು ಎಂದ ಕೂಡಲೇ ಒಬ್ಬಟ್ಟು, ತುಪ್ಪ, ಹೂವು, ಹಣ್ಣು ನೆನಪಾಗುತ್ತವೆ. ಆದರೆ ಹಲವು ವರ್ಷಗಳಿಂದ ಮನೆಯ ಲೆಕ್ಕದ ಪುಸ್ತಕ ಬರೆಯುತ್ತಾ ಬಂದ ನನಗೆ ಕಂಡುಬಂದಿರುವುದೇನೆಂದರೆ, ದಸರಾ ತಿಂಗಳಲ್ಲಿ ದಿನಸಿಯ ಹಣ ಹೆಚ್ಚಾಗಿ ಕರಗುವುದು ಹಬ್ಬದ ಹಿಂದು ಮುಂದಿನ ಸಾಮಾನ್ಯ ದಿನಗಳಲ್ಲಿ. ಶಾಲೆ ನಡೆಯುವಾಗ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಅಕ್ಷರ ದಾಸೋಹದ ಬಿಸಿಯೂಟವಿರುತ್ತದೆ, ಕ್ಷೀರಭಾಗ್ಯದ ಹಾಲು ಇರುತ್ತದೆ, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ರಜೆ ಬಂದ ದಿನದಿಂದ ಅಷ್ಟೂ ನಮ್ಮ ಅಡುಗೆಮನೆಯ ಪಾಲಿಗೆ ಬೀಳುತ್ತದೆ. ಆದ್ದರಿಂದ ಮೊದಲು ಮಕ್ಕಳ ದಿನನಿತ್ಯದ ಹಸಿವಿಗೆ ಏರ್ಪಾಡು ಮಾಡಿಕೊಂಡು, ಆಮೇಲೆ ಹಬ್ಬದ ಸಿಹಿಗೆ ಕೈ ಹಾಕಬೇಕು ಎಂಬುದು ಈ ಲೇಖನದ ಕ್ರಮ.

ಮೊದಲ ಹೆಜ್ಜೆ: ದಿನ ಎಣಿಸಿ, ಊಟ ಎಣಿಸಿ

ಕ್ಯಾಲೆಂಡರ್ ಕೆಳಗಿಳಿಸಿ ಮುಂದಿಟ್ಟುಕೊಳ್ಳಿ. 2025ನ್ನೇ ಉದಾಹರಣೆಯಾಗಿ ನೋಡೋಣ. ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ 18 ದಿನ ದಸರಾ ರಜೆ ಇತ್ತು. ಇದರೊಳಗೆ ಸೆಪ್ಟೆಂಬರ್ 21ರಂದು ಮಹಾಲಯ ಅಮಾವಾಸ್ಯೆ, ಮರುದಿನವೇ ನವರಾತ್ರಿಯ ಆರಂಭ, ಅಕ್ಟೋಬರ್ 2ಕ್ಕೆ ವಿಜಯದಶಮಿ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಭಾನುವಾರಗಳನ್ನು ಕಳೆದರೂ ಹೆಚ್ಚುವರಿ ಮಧ್ಯಾಹ್ನದ ಊಟಗಳು 30 ಆಗುತ್ತವೆ. ಒಂದು ಊಟಕ್ಕೆ 100 ಗ್ರಾಂ ಅಕ್ಕಿ, 40 ಗ್ರಾಂ ಬೇಳೆ ಎಂದುಕೊಂಡರೆ 3 ಕೆ.ಜಿ. ಅಕ್ಕಿ, 1.2 ಕೆ.ಜಿ. ಬೇಳೆ ತಿಂಗಳ ಪಟ್ಟಿಗೆ ಸೇರಲೇಬೇಕು. ಇದನ್ನು ಮೊದಲೇ ಬರೆದುಕೊಳ್ಳದ ಮನೆಯಲ್ಲಿ 20ನೇ ತಾರೀಖಿನ ಹೊತ್ತಿಗೆ ಬೇಳೆ ಡಬ್ಬದ ತಳ ಕಾಣುತ್ತದೆ. ಆಗ ಮೂಲೆಯಂಗಡಿಯಿಂದ ಕಾಲು ಕೆ.ಜಿ., ಕಾಲು ಕೆ.ಜಿ. ಎಂದು ಹೆಚ್ಚಿನ ದರಕ್ಕೆ ತರಬೇಕಾಗುತ್ತದೆ.

ಅದೇ ವರ್ಷ ಇನ್ನೊಂದು ಪಾಠವೂ ಆಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಅದು ಮುಗಿದು ಎರಡು ದಿನ ಕಳೆಯುವಷ್ಟರಲ್ಲಿ ದೀಪಾವಳಿಯೇ ಬಂದುಬಿಟ್ಟಿತು. ಹಾಗಾಗಿ ಕೈಯಲ್ಲಿರುವ ಹಣದಲ್ಲಿ ಒಂದು ಪಾಲನ್ನು ಯಾವುದಕ್ಕೂ ಇರಲಿ ಎಂದು ಮುಟ್ಟದೆ ಇಡುವುದು ಜಾಣತನ. ದಿನಸಿ, ಹಾಲು, ತರಕಾರಿ ಸೇರಿ ತಿಂಗಳಿಗೆ 9,000 ರೂಪಾಯಿ ಎಂದಿಟ್ಟುಕೊಂಡರೆ, 6,500 ದಿನನಿತ್ಯದ ಅಡುಗೆಗೆ, 1,500 ಹಬ್ಬಕ್ಕೆ, 1,000 ಕಾಪಿಟ್ಟ ಹಣ. ಮೂರನ್ನೂ ಮೂರು ಲಕೋಟೆಗಳಲ್ಲಿ ಇಡಿ. ಎಲ್ಲವೂ ಮೊಬೈಲಿನ ಯುಪಿಐ ಮೂಲಕವೇ ಹೋದರೆ ಯಾವುದು ಯಾವುದರ ಹಣ ಎಂಬುದು ತಿಳಿಯುವುದಿಲ್ಲ. ಈ ಒಂದು ತಿಂಗಳಾದರೂ ನೋಟು ಎಣಿಸಿ ಕೊಡುವುದು ಒಳ್ಳೆಯದು.

ಎರಡನೇ ಹೆಜ್ಜೆ: ಡಬ್ಬಗಳನ್ನು ಕೆಳಗಿಳಿಸಿ

ಪಟ್ಟಿ ಬರೆಯುವ ಮುನ್ನ ಅಟ್ಟದ ಮೇಲಿನ, ಕಪಾಟಿನ ಹಿಂದಿನ ಡಬ್ಬಗಳನ್ನೆಲ್ಲ ಹೊರತೆಗೆದು ನೋಡಿ. ಅರ್ಧ ಡಬ್ಬ ಶಾವಿಗೆ, ಒಂದು ಹಿಡಿ ಅಲಸಂದೆ, ಯುಗಾದಿಯಲ್ಲಿ ಉಳಿದ ಬೆಲ್ಲದ ಅಚ್ಚು ಸಿಕ್ಕೇ ಸಿಗುತ್ತವೆ. ಹುಳು ಹಿಡಿಯುವ ಹಂತದ ಕಾಳನ್ನು ಬಿಸಿಲಿಗೆ ಹರಡಿ, ಅದನ್ನೇ ನವರಾತ್ರಿಯ ಮೊದಲ ದಿನಗಳ ಉಸಲಿಗೆ ಮೀಸಲಿಡಿ.

ಪಡಿತರ ಅಕ್ಕಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅನ್ನಕ್ಕೆ ಚೆನ್ನಾಗಿಲ್ಲ ಎಂದು ಅದನ್ನು ಸಿಕ್ಕಷ್ಟು ಬೆಲೆಗೆ ಮಾರಿ, ಅದೇ ಹಣಕ್ಕೆ ಒಂದಿಷ್ಟು ಸೇರಿಸಿ ಅಂಗಡಿಯಲ್ಲಿ ದೋಸೆ ಅಕ್ಕಿ ಕೊಳ್ಳುವವರನ್ನು ನಾನು ನೋಡಿದ್ದೇನೆ. ದೋಸೆ, ಇಡ್ಲಿ, ಪಡ್ಡು, ಚಕ್ಕುಲಿ, ಅಕ್ಕಿರೊಟ್ಟಿಗೆ ಪಡಿತರ ಅಕ್ಕಿ ಬಹಳ ಚೆನ್ನಾಗಿ ಒದಗುತ್ತದೆ. ಒಂದು ಲೋಟ ಉದ್ದಿನಬೇಳೆಗೆ ನಾಲ್ಕು ಲೋಟ ಅಕ್ಕಿ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ನೆನೆಸಿ ರುಬ್ಬಿದರೆ ಹಿಟ್ಟು ಹದವಾಗಿ ಉಬ್ಬುತ್ತದೆ. ಕರಾವಳಿಯ ನೀರುದೋಸೆಗಂತೂ ಉದ್ದಿನಬೇಳೆಯೇ ಬೇಡ. ಅಕ್ಕಿ ಆರಿಸುವಾಗ ಕೆಲವು ಕಾಳು ಬೇರೆ ಬಣ್ಣದಲ್ಲಿ ಕಾಣುತ್ತವೆ, ನೀರಿನಲ್ಲಿ ತೇಲುವುದೂ ಉಂಟು. ಅವು ಪ್ಲಾಸ್ಟಿಕ್ ಅಲ್ಲ. ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವ ಬೆರೆಸಿ ತಯಾರಿಸಿದ ಸಾರವರ್ಧಿತ ಕಾಳುಗಳು. ಅವನ್ನು ಆರಿಸಿ ಎಸೆದರೆ ಮಕ್ಕಳಿಗೆ ಸೇರಬೇಕಾದ ಪೌಷ್ಟಿಕಾಂಶವನ್ನೇ ಎಸೆದಂತಾಗುತ್ತದೆ.

ಮೂರನೇ ಹೆಜ್ಜೆ: ಕೊಳ್ಳುವಾಗ ಕಾಲವನ್ನು ನೋಡಿ

ತೊಗರಿಯ ಹೊಸ ಬೆಳೆ ಕಲಬುರಗಿ ಕಡೆಯಿಂದ ಮಾರುಕಟ್ಟೆಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ದಸರಾ ಹೊತ್ತಿಗೆ ಅಂಗಡಿಯಲ್ಲಿರುವುದು ಹಳೆಯ ದಾಸ್ತಾನು. ಹೆಸರುಕಾಳು ಹಾಗಲ್ಲ, ಗದಗ, ಧಾರವಾಡದ ಮುಂಗಾರಿನ ಹೆಸರು ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಯ್ಲಾಗಿ ರಜೆಯ ಹೊತ್ತಿಗೆ ಹೊಸದಾಗಿ ಸಿಗುತ್ತದೆ. ವಾರದಲ್ಲಿ ಮೂರು ದಿನ ತೊಗರಿಬೇಳೆಯ ಬದಲು ಹೆಸರುಬೇಳೆಯ ತೊವ್ವೆ ಮಾಡಿದರೆ ಬೇಗ ಬೇಯುವುದರಿಂದ ಗ್ಯಾಸ್ ಕೂಡ ಉಳಿಯುತ್ತದೆ. ಹೊಸ ಕಡಲೆಕಾಯಿಯೂ ಬರತೊಡಗುವ ಕಾಲವಿದು. ಸಂಜೆ ನಾಲ್ಕಕ್ಕೆ ‘ಅಮ್ಮಾ, ಏನಾದರೂ ಕೊಡು’ ಎಂದು ಬರುವ ಮಕ್ಕಳಿಗೆ ಉಪ್ಪು ಹಾಕಿ ಬೇಯಿಸಿದ ಒಂದು ಬಟ್ಟಲು ಕಡಲೆಕಾಯಿ ಕೊಟ್ಟರೆ ಬಿಸ್ಕತ್ತಿನ ಪೊಟ್ಟಣಕ್ಕಿಂತ ಹೆಚ್ಚು ಹೊತ್ತು ಹೊಟ್ಟೆ ತಡೆಯುತ್ತದೆ. ಈರುಳ್ಳಿಯನ್ನು ಮಾತ್ರ ಹೆಚ್ಚು ತಂದಿಡಬೇಡಿ. ಮಳೆಗಾಲದ ಬೆಳೆಯಾದ್ದರಿಂದ ಅದರಲ್ಲಿ ನೀರಿನಂಶ ಹೆಚ್ಚು, ಬೇಗ ಕೊಳೆಯುತ್ತದೆ.

ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟು, ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5ರಷ್ಟು ಜಿಎಸ್‌ಟಿ ಇದೆ. ಅಂಗಡಿಯವರು ಕಣ್ಣೆದುರು ಬಿಡಿಯಾಗಿ ತೂಗಿ ಕೊಡುವುದಕ್ಕೆ ಇಲ್ಲ. ನಂಬಿಕೆಯ ಕಿರಾಣಿ ಅಂಗಡಿಯಿದ್ದರೆ ಬಿಡಿ ಕೊಳ್ಳುವುದೇ ಲಾಭ. ತುಪ್ಪ, ಬೆಣ್ಣೆಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ.

ಎಣ್ಣೆ ಕೊಳ್ಳುವಾಗ ಬಹಳ ಎಚ್ಚರ ಬೇಕು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಒಂದು ವರ್ಷ ಹಬ್ಬದ ರಿಯಾಯಿತಿ ಎಂದು ನಾನು ನಾಲ್ಕು ಪ್ಯಾಕೆಟ್ ತಂದೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಪ್ರತಿಯೊಂದರಲ್ಲೂ ಇದ್ದದ್ದು 750 ಗ್ರಾಂ. ಗಾತ್ರ, ಬಣ್ಣ ಎಲ್ಲವೂ ಲೀಟರ್ ಪ್ಯಾಕೆಟ್ಟಿನಂತೆಯೇ ಇತ್ತು. ನಾಲ್ಕು ಲೀಟರ್ ಎಂದುಕೊಂಡು ತಂದದ್ದರಲ್ಲಿ ಸಿಕ್ಕಿದ್ದು ಸುಮಾರು ಮೂರೂಕಾಲು ಲೀಟರ್. ಆ ನಂತರ ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ, ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬೆಲೆ ಎಂಬ ಸಾಲನ್ನು ಓದದೆ ನಾನು ಏನನ್ನೂ ಬುಟ್ಟಿಗೆ ಹಾಕುವುದಿಲ್ಲ. ಸಿಹಿ ಅಂಗಡಿಯಲ್ಲೂ ಡಬ್ಬದ ತೂಕವನ್ನು ಕಳೆದು ತೂಗಿಸಿಕೊಳ್ಳಿ.

ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಅಥವಾ ಸ್ತ್ರೀಶಕ್ತಿ ಸಂಘದ ಸದಸ್ಯೆಯರು ಸೇರಿ ಬೆಲ್ಲ, ಬೇಳೆ, ಎಣ್ಣೆಯ ಟಿನ್ನನ್ನು ಸಗಟು ಅಂಗಡಿಯಿಂದ ತಂದು ಹಂಚಿಕೊಳ್ಳುವುದು ಹಳೆಯ ಪದ್ಧತಿ, ಈಗಲೂ ಉಪಯುಕ್ತ. ಹೂವನ್ನು ಹಬ್ಬದ ಮುನ್ನಾದಿನ ಕೊಳ್ಳಬೇಡಿ. ಎರಡು ದಿನ ಮೊದಲು ಸೇವಂತಿಗೆಯ ಮಾರು ತಂದು ಬಾಳೆ ಎಲೆಯಲ್ಲಿ ಸುತ್ತಿ ತಣ್ಣಗಿನ ಜಾಗದಲ್ಲಿಟ್ಟರೆ ಬಾಡುವುದಿಲ್ಲ.

ನಾಲ್ಕನೇ ಹೆಜ್ಜೆ: ಒಂಬತ್ತು ದಿನದ ಉಸಲಿ

ಬೊಂಬೆ ಕೂರಿಸುವ ಮನೆಯಾಗಲಿ, ಕೂರಿಸದ ಮನೆಯಾಗಲಿ, ನವರಾತ್ರಿಯ ಉಸಲಿಯನ್ನು ರಜೆಯ ಸಂಜೆಯ ತಿಂಡಿಯಾಗಿಯೇ ಮಾಡಿಕೊಳ್ಳಿ. 250 ಗ್ರಾಂ ಕಡಲೆಕಾಳು ರಾತ್ರಿ ನೆನೆದರೆ ಸುಮಾರು ಅರ್ಧ ಕೆ.ಜಿ. ಆಗುತ್ತದೆ, ಐದಾರು ಜನರಿಗೆ ಧಾರಾಳ. ಕಡಲೆ, ಹೆಸರು, ಅಲಸಂದೆ, ಬಟಾಣಿ, ಹುರುಳಿ ಎಂದು ದಿನಕ್ಕೊಂದು ಕಾಳು. ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ರಾತ್ರಿಯ ಸಾರು ಮಾಡಿ. ಹುರುಳಿ ಕಟ್ಟಿನ ಸಾರಿನ ರುಚಿಯನ್ನು ಮಲೆನಾಡಿನವರಿಗೂ ಬಯಲುಸೀಮೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಪೂಜೆಗೆ ಒಡೆದ ತೆಂಗಿನಕಾಯಿಗಳನ್ನು ಹಾಗೇ ಬಿಟ್ಟರೆ ಮೂರನೇ ದಿನಕ್ಕೆ ಲೋಳೆ ಬರುತ್ತದೆ. ಕಣ್ಣಿರುವ ಹೋಳು ಬೇಗ ಕೆಡುವುದರಿಂದ ಅದನ್ನು ಮೊದಲು ತುರಿದು ಬಳಸಿ. ಉಳಿದದ್ದನ್ನು ತುರಿದು ಫ್ರೀಜರಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಬಿಸಿಲಲ್ಲಿ ಒಣಗಿಸಿ ಚಟ್ನಿಪುಡಿ ಮಾಡಿಕೊಳ್ಳಬಹುದು.

ಐದನೇ ಹೆಜ್ಜೆ: ಕರಿಯುವುದೆಲ್ಲ ಒಂದೇ ದಿನ

ಚಕ್ಕುಲಿ ಒಂದು ದಿನ, ಕೋಡುಬಳೆ ಇನ್ನೊಂದು ದಿನ, ಕರ್ಜಿಕಾಯಿ ಮತ್ತೊಂದು ದಿನ ಎಂದು ಬಾಣಲೆ ಇಟ್ಟರೆ ಪ್ರತಿ ಸಲವೂ ಎಣ್ಣೆ ಉಳಿಯುತ್ತದೆ, ಕಪ್ಪಾಗುತ್ತದೆ, ಕೊನೆಗೆ ಚೆಲ್ಲಬೇಕಾಗುತ್ತದೆ. ಎಲ್ಲವನ್ನೂ ಒಂದೇ ದಿನ ಇಟ್ಟುಕೊಳ್ಳಿ. ಬಾಯಿ ಅಗಲವಾದ ಬಾಣಲೆ ಬೇಡ. ಕಿರಿದಾದ, ಆಳವಾದ ಬಾಣಲೆಯಲ್ಲಿ ಅರ್ಧ ಲೀಟರ್ ಎಣ್ಣೆ ಸಾಕು, ಖಾಲಿಯಾದಂತೆ ಸ್ವಲ್ಪ ಸ್ವಲ್ಪ ಸೇರಿಸಿ. ಕರಿಯುವ ಕ್ರಮವೂ ಮುಖ್ಯ. ಮೊದಲು ಹಪ್ಪಳ, ಸಂಡಿಗೆ, ಆಮೇಲೆ ಚಕ್ಕುಲಿ, ಕೋಡುಬಳೆ, ಕಟ್ಟಕಡೆಗೆ ಕರ್ಜಿಕಾಯಿ. ಕರ್ಜಿಕಾಯಿಯ ಅಂಚು ಒಂದು ಕಡೆ ಬಿಟ್ಟುಕೊಂಡರೂ ಸಾಕು, ಒಳಗಿನ ಸಕ್ಕರೆ, ಕೊಬ್ಬರಿ ಎಣ್ಣೆಗೆ ಇಳಿದು ತಳದಲ್ಲಿ ಸುಟ್ಟು ಕಹಿಯಾಗುತ್ತದೆ. ಆಮೇಲೆ ಹಾಕಿದ ಚಕ್ಕುಲಿಗೆಲ್ಲ ಆ ಕಪ್ಪು ಚುಕ್ಕೆ ಅಂಟುತ್ತದೆ. ಅಂಚಿಗೆ ಹಾಲು ಸವರಿ ಎರಡು ಬೆರಳಿನಿಂದ ಒತ್ತಿ ಮಡಿಸುವ ಕೆಲಸವನ್ನು ರಜೆಯಲ್ಲಿರುವ ಮಕ್ಕಳಿಗೆ ವಹಿಸಬಹುದು. ಅವರ ಪುಟ್ಟ ಬೆರಳುಗಳಿಗೆ ಅದು ಚೆನ್ನಾಗಿ ಒಲಿಯುತ್ತದೆ. ಉಳಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಬೇಕು. ಉಳಿತಾಯದ ಹೆಸರಿನಲ್ಲಿ ಅದನ್ನು ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೆ ಹಾನಿ.

ಆರನೇ ಹೆಜ್ಜೆ: ಒಂದು ಬೇಳೆ, ಎರಡು ಅಡುಗೆ

ಹಬ್ಬಕ್ಕೆ ಒಂದೇ ಸಿಹಿ ಸಾಕು, ಆದರೆ ಅದನ್ನು ಹೊಟ್ಟೆ ತುಂಬ ಬಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಆ ಒಂದು ಸಿಹಿ ಒಬ್ಬಟ್ಟೇ ಆಗಲಿ. ಅರ್ಧ ಕೆ.ಜಿ. ಬೇಳೆ, ಅಷ್ಟೇ ಬೆಲ್ಲದ ಹೂರಣದಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರೆ 25ರಿಂದ 30 ಒಬ್ಬಟ್ಟಾಗುತ್ತವೆ. ಹಳೇ ಮೈಸೂರಿನ ಕಡೆ ತೊಗರಿಬೇಳೆ ಹಾಕುವುದು ರೂಢಿ. ಬೆಲೆ ಏರಿದ್ದರೆ ಉತ್ತರ ಕರ್ನಾಟಕದವರಂತೆ ಕಡಲೆಬೇಳೆ ಬಳಸಿ, ಹೂರಣ ಹದವಾಗಿಯೇ ಬರುತ್ತದೆ. ಬೇಳೆಯನ್ನು ಬೆರಳಿಗೆ ಸಿಕ್ಕರೆ ಮುರಿಯುವಷ್ಟು ಬೇಯಿಸಿ, ನೀರು ಧಾರಾಳವಾಗಿಟ್ಟು ಬಸಿದುಕೊಳ್ಳಿ. ಆ ಕಟ್ಟಿಗೆ ಒಂದು ಹಿಡಿ ಹೂರಣ, ಹುಣಸೆಹುಳಿ, ಸಾರಿನಪುಡಿ, ಸ್ವಲ್ಪ ಕಾಯಿ ರುಬ್ಬಿ ಹಾಕಿ ಕುದಿಸಿದರೆ ಒಬ್ಬಟ್ಟಿನ ಸಾರು. ಹಬ್ಬದ ದಿನಕ್ಕಿಂತ ಮರುದಿನ ಅದರ ರುಚಿ ಹೆಚ್ಚು, ಆದ್ದರಿಂದ ಮರುದಿನ ಬೇರೆ ಸಾರು ಮಾಡುವ ಅಗತ್ಯವಿಲ್ಲ. ತುಪ್ಪವನ್ನು ಬೇಯಿಸುವಾಗ ಕಾವಲಿಗೆ ಸುರಿಯದೆ, ಬಡಿಸುವಾಗ ಬಿಸಿ ಒಬ್ಬಟ್ಟಿನ ಮೇಲೆ ಒಂದು ಚಮಚ ಹಾಕಿದರೆ ಪರಿಮಳವೂ ಹೆಚ್ಚು, ಖರ್ಚೂ ಕಡಿಮೆ.

ಆಯುಧಪೂಜೆಗೆ ಬೂದುಗುಂಬಳ ತರುವಾಗ ದೃಷ್ಟಿ ತೆಗೆಯಲು ಚಿಕ್ಕದೊಂದು, ಅಡುಗೆಗೆ ಇನ್ನೊಂದು ತನ್ನಿ. ಅಡುಗೆಯ ಕಾಯಿಯಲ್ಲಿ ಒಂದು ದಿನ ಮಜ್ಜಿಗೆಹುಳಿ, ಉಳಿದದ್ದನ್ನು ತುರಿದು ಕಾಶಿ ಹಲ್ವ ಮಾಡಿದರೆ ಮನೆಗೆ ಬಂದ ನೆಂಟರಿಗೆ ಅಂಗಡಿಯ ಸಿಹಿ ತರಿಸಬೇಕಾಗುವುದಿಲ್ಲ.

ಏಳನೇ ಹೆಜ್ಜೆ: ವಿಜಯದಶಮಿಯ ಮರುದಿನ

ಈ ದಿನ ಲೆಕ್ಕದ ಪುಸ್ತಕ ಮತ್ತೆ ತೆರೆಯಿರಿ. ಹಬ್ಬದ ಲಕೋಟೆ ಖಾಲಿಯಾಗಿದ್ದರೆ ಕಾಪಿಟ್ಟ ಲಕೋಟೆಯನ್ನು ಅದಕ್ಕೆ ಸುರಿಯಬೇಡಿ, ದೀಪಾವಳಿ ಹತ್ತಿರದಲ್ಲೇ ಇರುತ್ತದೆ. ಚಕ್ಕುಲಿಯಲ್ಲಿ ಒಂದು ಪಾಲನ್ನು ಗಾಳಿಯಾಡದ ಡಬ್ಬಕ್ಕೆ ಹಾಕಿ, ತಾರೀಖು ಬರೆದ ಚೀಟಿ ಅಂಟಿಸಿ ಮೇಲಿಡಿ. ದೇವರ ಮುಂದಿಟ್ಟ ಬಾಳೆಹಣ್ಣು ಕಪ್ಪಾಗಿದ್ದರೆ ಹಿಸುಕಿ, ಗೋಧಿ ಹಿಟ್ಟಿಗೆ ಕಲಸಿ ಬನ್ಸ್ ಮಾಡಿ. ಆಯುಧಪೂಜೆಯ ಕಡಲೆಪುರಿ ಪ್ರತಿ ಮನೆಯಲ್ಲೂ ಉಳಿದೇ ಇರುತ್ತದೆ. ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಹುರಿಗಡಲೆಯ ಒಗ್ಗರಣೆ ಕೊಟ್ಟರೆ ಒಂದು ವಾರ ಗರಿಗರಿಯಾಗಿರುತ್ತದೆ. ದಾವಣಗೆರೆಯ ಕಡೆಯವರಂತೆ ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕಿ ಪುಟಾಣಿ (ಹುರಿಗಡಲೆ) ಪುಡಿ ಉದುರಿಸಿದರೆ ಶಾಲೆ ತೆರೆಯುವ ದಿನದ ಬೆಳಗಿನ ತಿಂಡಿಯೇ ಸಿದ್ಧವಾಗುತ್ತದೆ.