ಕಾಲಿಗೆ ಚುಚ್ಚಿದ್ದು ತಲೆಗೆ ಹೇಗೆ ಗೊತ್ತಾಗುತ್ತದೆ? ಜಗಲಿಯಲ್ಲೇ ಪರೀಕ್ಷಿಸಿ

ಬೇಸಿಗೆ ರಜೆಯಲ್ಲಿ ಅಘನಾಶಿನಿ ಅಳಿವೆಗೆ ಹೋಗಿದ್ದೆವು. ಇಳಿತದ ಹೊತ್ತು. ಮೊಣಕಾಲುದ್ದದ ನೀರಲ್ಲಿ ಬಗ್ಗಿ ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ನೋಡಿದ್ದೇ ತಡ, ಅಕ್ಕನ ಮಗ ಚಪ್ಪಲಿ ಬಿಟ್ಟು ಇಳಿದ. ನಾಲ್ಕು ಹೆಜ್ಜೆಗೆ ಒಡಕು ಚಿಪ್ಪೊಂದು ಅಂಗಾಲಿಗೆ ಹೊಕ್ಕಿತು. ಮೊದಲು ಕಾಲು ಮೇಲೆ ಬಂತು. ಆಮೇಲೆ "ಆಯೀ" ಎಂಬ ಕೂಗು. ಅಳು ಶುರುವಾಗಿದ್ದು ಅದಕ್ಕೂ ಆಮೇಲೆ. ಗಾಯ ತೊಳೆದು ಪಟ್ಟಿ ಕಟ್ಟುವಾಗ ಅವನದೇ ಪ್ರಶ್ನೆ: "ಮಾವಾ, ಮೊದ್ಲು ಚುಳ್ ಅಂತು. ಉರಿ ಆಮೇಲೆ ಬಂತು. ಎಂತಕ್ಕೆ ಎರಡು ಸಲ?"

ಚುಚ್ಚಿದ್ದು ಒಂದೇ ಸಲ. ಸುದ್ದಿ ಹೊರಟಿದ್ದು ಎರಡು ದಾರಿಯಲ್ಲಿ. ಚುಳ್ ಎನ್ನುವ ನೋವನ್ನು ತರುವ ನರದ ಎಳೆಗಳಿಗೆ ಕೊಬ್ಬಿನ ತೆಳು ಹೊದಿಕೆ ಇದೆ. ಅವುಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಸಾಗುತ್ತದೆ. ಉರಿಯನ್ನು ತರುವ ಎಳೆಗಳು ಸಪೂರ, ಹೊದಿಕೆಯೂ ಇಲ್ಲ. ಅಲ್ಲಿ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ಸಂತೆ ಮುಗಿಸಿ ಚೀಲ ಹೊತ್ತು ಬರುವವರ ನಡಿಗೆ ಅನ್ನಿ. ಇನ್ನು ಕಾಲು ಎತ್ತಿಸಿದ್ದು ಮಿದುಳಲ್ಲ. ಬೆನ್ನುಹುರಿಯೇ ಆ ಕೆಲಸ ಮುಗಿಸಿತ್ತು. ಮಿದುಳಿಗೆ ಗೊತ್ತಾಗುವಷ್ಟರಲ್ಲಿ ಕಾಲು ಗಾಳಿಯಲ್ಲಿತ್ತು.

ಇಷ್ಟು ಹೇಳಿದರೆ ಹುಡುಗರು ನಂಬುತ್ತಾರಾ? ಶಿರಸಿಗೆ ವಾಪಸ್ ಬಂದ ಮೇಲೆ ಮನೆಯ ಜಗಲಿಯಲ್ಲೇ ಒಂದಿಷ್ಟು ಪರೀಕ್ಷೆ ಮಾಡಿದೆವು. ಬೇಕಾಗಿದ್ದು ಒಂದು ಹೇರ್‌ಪಿನ್, ಸ್ಕೇಲು, ಮೂರು ಬೋಗುಣಿ ನೀರು, ಮೊಬೈಲಿನ ಸ್ಟಾಪ್‌ವಾಚು. ಮತ್ತೆ ಜನ.

ಮೊದಲು ಹೇರ್‌ಪಿನ್. ಅದರ ಎರಡು ತುದಿಗಳ ನಡುವೆ 4 ಮಿಲಿಮೀಟರ್ ಅಂತರ ಬರುವಂತೆ ಬಗ್ಗಿಸಿ. ಎದುರಿನವರು ಕಣ್ಣು ಮುಚ್ಚಲಿ. ತೋರುಬೆರಳಿನ ತುದಿಗೆ ಎರಡೂ ತುದಿಗಳನ್ನು ಒಟ್ಟಿಗೇ, ಹಗುರವಾಗಿ ತಾಗಿಸಿ, "ಒಂದಾ, ಎರಡಾ?" ಎಂದು ಕೇಳಿ. ನಡುನಡುವೆ ಒಂದೇ ತುದಿ ತಾಗಿಸಿ. ಇಲ್ಲದಿದ್ದರೆ ಜಾಣರು ಸುಮ್ನೆ "ಎರಡು, ಎರಡು" ಅನ್ನುತ್ತಾ ಹೋಗುತ್ತಾರೆ. ಬೆರಳ ತುದಿಯಲ್ಲಿ 2–3 ಮಿಲಿಮೀಟರ್ ಅಂತರವೂ ಗೊತ್ತಾಗುತ್ತದೆ. ಅದೇ ಪಿನ್ನನ್ನು ಬೆನ್ನಿಗೆ ತಾಗಿಸಿದರೆ ಒಂದೇ ಅನ್ನಿಸುತ್ತದೆ. ಅಲ್ಲಿ ಎರಡು ಎಂದು ಗೊತ್ತಾಗಲು 4 ಸೆಂಟಿಮೀಟರ್ ಹತ್ತಿರ ಅಂತರ ಬೇಕು. ಜರ್ಮನಿಯ ವೆಬರ್ ಎಂಬುವವರು 1834ರಲ್ಲಿ ಕೈವಾರ ಹಿಡಿದು ಮಾಡಿದ ಪರೀಕ್ಷೆ ಇದೇ. ಬೆರಳಲ್ಲಿ ಸ್ಪರ್ಶ ಹಿಡಿಯುವ ತುದಿಗಳು ದಟ್ಟ. ಮಿದುಳಿನಲ್ಲೂ ಬೆರಳು, ತುಟಿಗಳಿಗೆ ಮೀಸಲಾದ ಜಾಗ ಬೆನ್ನಿನದಕ್ಕಿಂತ ಎಷ್ಟೋ ಜಾಸ್ತಿ.

ನೀರಿನ ಆಟ ಗೊತ್ತಿರುವವರೇ ಹೆಚ್ಚು. ಒಂದು ಕೈ ಬೆಚ್ಚಗಿನ ನೀರಲ್ಲಿ, ಇನ್ನೊಂದು ಫ್ರಿಜ್ಜಿನ ನೀರಲ್ಲಿ, ಒಂದು ನಿಮಿಷ. ಆಮೇಲೆ ಎರಡನ್ನೂ ನಡುವಿನ ಬೋಗುಣಿಯ ಮಾಮೂಲಿ ನೀರಿಗೆ ಹಾಕಿ. ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ. ಚರ್ಮ ಹೇಳುವುದು ಡಿಗ್ರಿ ಲೆಕ್ಕವನ್ನಲ್ಲ, ಮೊದಲಿಗಿಂತ ಏನು ಬದಲಾಯಿತು ಎಂಬುದನ್ನು. ಹಂಡೆಯ ನೀರು ಬಳಸುವುದಾದರೆ ಮೊದಲು ಮೊಣಕೈ ತಾಗಿಸಿ ನೋಡಿ.

ನನಗೆ ಜಾಸ್ತಿ ಇಷ್ಟವಾದ್ದು ಮೂರನೆಯದು. ಹಬ್ಬಕ್ಕೆ ನೆಂಟರು ಸೇರಿದ ದಿನವೇ ಮಾಡಬೇಕು, ಯಾಕೆಂದರೆ 20 ಜನ ಬೇಕು. ಎಲ್ಲರೂ ಸಾಲಾಗಿ ಕೂತು ಕಣ್ಣು ಮುಚ್ಚಿ, ಮುಂದಿನವರ ಹೆಗಲ ಮೇಲೆ ಕೈ ಇಡಿ. ಕೊನೆಯವರು ಹೆಗಲು ಒತ್ತಿದ ಕೂಡಲೇ ಸ್ಟಾಪ್‌ವಾಚ್ ಶುರು. ತನ್ನ ಹೆಗಲಿಗೆ ಒತ್ತು ಬಿದ್ದ ಕ್ಷಣ ಪ್ರತಿಯೊಬ್ಬರೂ ಮುಂದಿನವರ ಹೆಗಲು ಒತ್ತಬೇಕು. ಮುಂದಿನ ತುದಿಯವರು "ಹಾಂ" ಎಂದಾಗ ನಿಲ್ಲಿಸಿ. ಐದಾರು ಸುತ್ತು ಅಭ್ಯಾಸಕ್ಕೇ ಬೇಕು. ನಮ್ಮಲ್ಲಿ ಮೊದಲ ಮೂರು ಸುತ್ತು ನಗುವಿನಲ್ಲೇ ಹೋಯಿತು. ಆಮೇಲೆ ಹತ್ತು ಸುತ್ತಿನ ಸರಾಸರಿ ತೆಗೆಯಿರಿ. ಈಗ ಹೆಗಲ ಬದಲು ಕಾಲಿನ ಹರಡು ಹಿಡಿದು ಮತ್ತೆ ಹತ್ತು ಸುತ್ತು.

ಹರಡಿನ ಸರಾಸರಿ ಸ್ವಲ್ಪ ಜಾಸ್ತಿ ಬರುತ್ತದೆ. ವ್ಯತ್ಯಾಸ ಅರ್ಧ ಸೆಕೆಂಡ್ ಎಂದಿಟ್ಟುಕೊಳ್ಳಿ. 20 ಜನಕ್ಕೆ ಹಂಚಿದರೆ ತಲಾ 0.025 ಸೆಕೆಂಡ್. ಹೆಗಲಿಗಿಂತ ಹರಡು ಮಿದುಳಿಂದ ಸುಮಾರು 1.1 ಮೀಟರ್ ದೂರ. ಭಾಗಿಸಿದರೆ ಸೆಕೆಂಡಿಗೆ 44 ಮೀಟರ್, ಗಂಟೆಗೆ 158 ಕಿ.ಮೀ. ಸ್ಪರ್ಶದ ನರಗಳ ವೇಗ ಸೆಕೆಂಡಿಗೆ 35ರಿಂದ 75 ಮೀಟರ್ ಎಂದು ಪುಸ್ತಕದಲ್ಲಿದೆ. ಜಗಲಿ ಲೆಕ್ಕಕ್ಕೆ ಇಷ್ಟು ಸಾಕಲ್ವಾ? 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದು ತೋರಿಸುವವರೆಗೆ ಈ ವೇಗ ಅಳತೆಗೆ ಸಿಗುವಂಥದ್ದಲ್ಲ ಎಂದು ದೊಡ್ಡ ದೊಡ್ಡವರೇ ನಂಬಿದ್ದರು.

ಕಾಲ್ಬೆರಳಿನ ಸ್ಪರ್ಶವನ್ನು ಹೊತ್ತ ಎಳೆ ನಡುವೆ ಎಲ್ಲೂ ತುಂಡಾಗದೆ ಬೆನ್ನುಹುರಿ ಹತ್ತಿ ಮಿದುಳಿನ ಬುಡದವರೆಗೆ ಹೋಗುತ್ತದೆ. ದೊಡ್ಡವರಲ್ಲಿ ಹತ್ತಿರ ಹತ್ತಿರ ಒಂದೂವರೆ ಮೀಟರ್, ಒಂದೇ ಜೀವಕೋಶದ ಬಾಲ! ಅಲ್ಲಿ ಸುದ್ದಿ ಎರಡನೇ ಎಳೆಗೆ ದಾಟಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುತ್ತದೆ. ನೋವು, ಬಿಸಿಗಳ ಸುದ್ದಿ ಮಾತ್ರ ಬೆನ್ನುಹುರಿ ಹೊಕ್ಕ ಸ್ವಲ್ಪದರಲ್ಲೇ ಆಚೆ ಬದಿಗೆ ದಾಟಿಬಿಡುತ್ತದೆ.

ಚಿಪ್ಪಿನ ಚೂಪಾಗಲಿ ನೀರಿನ ಬಿಸಿಯಾಗಲಿ ಮಿದುಳಿಗೆ ಹೋಗುವುದಿಲ್ಲ. ಹೋಗುವುದು ವಿದ್ಯುತ್ತಿನ ಮಿಡಿತ ಮಾತ್ರ. ಮಿಡಿತ ಎಷ್ಟು ಬಿರುಸು, ಬಂದದ್ದು ಯಾವ ಎಳೆಯಲ್ಲಿ ಎಂಬುದರ ಮೇಲೆ ಮಿದುಳು ಅರ್ಥ ಮಾಡಿಕೊಳ್ಳುತ್ತದೆ. ಮೊಣಕೈ ಬಾಗಿಲ ಚೌಕಟ್ಟಿಗೆ ಬಡಿದಾಗ ಕಿರುಬೆರಳು ಜುಂ ಅನ್ನುವುದು ಇದಕ್ಕೇ. ಪೆಟ್ಟು ತಿಂದದ್ದು ದಾರಿ ಮಧ್ಯದ ನರ. ಮಿದುಳಿಗೆ ಅದು ಕಿರುಬೆರಳಿನ ಎಳೆ ಎಂದಷ್ಟೇ ಗೊತ್ತು. ತಣ್ಣಗಿನ ಅಪ್ಪೆಹುಳಿಗೆ ಸೂಜಿಮೆಣಸು ಹಾಕಿ ಕುಡಿದರೆ ಬಾಯಿ ಸುಡುವುದೂ ಹಾಗೆಯೇ. ನರದ ತುದಿಯಲ್ಲಿರುವ, ಸುಮಾರು 43 ಡಿಗ್ರಿ ಬಿಸಿಗೆ ತೆರೆಯಬೇಕಾದ ಪುಟ್ಟ ಬಾಗಿಲನ್ನು ಮೆಣಸಿನ ಖಾರ ತೆರೆದುಬಿಡುತ್ತದೆ. ಆ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ನೀರು ಕುಡಿದರೆ ಖಾರ ಹೋಗದು, ಮೊಸರು ತಿನ್ನಿ.

ಕೊನೆಯ ಪರೀಕ್ಷೆ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ. ಇದು ಆಟವಲ್ಲ. ಈ ಕಾಯಿಲೆಯಲ್ಲಿ ಉದ್ದದ ನರಗಳೇ ಮೊದಲು ಸೋಲುತ್ತವೆ, ಹಾಗಾಗಿ ಮರಗಟ್ಟುವುದು ಕಾಲ್ಬೆರಳಿಂದ ಶುರು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಮುಳ್ಳು ಹೊಕ್ಕರೂ ಗೊತ್ತಾಗದೆ ಹೋಗಬಹುದು. ಕಾಲು ಚಾಚಿ ಮಲಗಿಸಿ, ಕಣ್ಣು ಮುಚ್ಚಿಸಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು ಒಂದೊಂದಾಗಿ, ಕ್ರಮ ತಪ್ಪಿಸಿ, ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡ್ ಮುಟ್ಟಿ. ಒತ್ತಬೇಡಿ, ಸವರಬೇಡಿ. ತಾಗಿದಾಗ ಎಡ, ಬಲ ಎಂದು ಅವರು ಹೇಳಲಿ. ಆರರಲ್ಲಿ ಎರಡು ತಪ್ಪಿದರೂ ಡಾಕ್ಟರಿಗೆ ತೋರಿಸಿ.

ನಮ್ಮ ಅಪ್ಪನಿಗೆ ಆರರಲ್ಲಿ ಎರಡು ತಪ್ಪಿತು. "ನೀ ಮುಟ್ಟಿದ್ದೇ ಸರಿಯಾಗಿಲ್ಲ" ಎಂದು ವಾದಿಸಿದರು. ಮೊಮ್ಮಗ ಮತ್ತೊಮ್ಮೆ ಮುಟ್ಟಿದ. ಅದೇ ಎರಡು ಬೆರಳು.