ಹಿತ್ತಾಳೆಗೆ ಹುಳಿ, ಮರಕ್ಕೆ ಮೇಣ

ನವರಾತ್ರಿ ಹತ್ತಿರ ಬಂತೆಂದರೆ ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆಮನೆಯಲ್ಲೂ ಹಿತ್ತಾಳೆ ತಿಕ್ಕುವ ಕೆಲಸ ಶುರು. ದೀಪ, ಆರತಿ ತಟ್ಟೆ ಮುಗಿಸಿ ಅದೇ ಹುಣಸೆಹಣ್ಣಿನ ಕೈಯಲ್ಲಿ ಹಳೆ ಪೆಟ್ಟಿಗೆಯ ಚಿಲಕ, ಕಪಾಟಿನ ಹಿಡಿಕೆಯನ್ನೂ ತಿಕ್ಕಿಬಿಡುತ್ತೇವೆ. ಅಲ್ಲಿ ಸ್ವಲ್ಪ ತಡೆಯಿರಿ. ಹಿತ್ತಾಳೆಗೆ ಹುಳಿ ಬೇಕು. ಮರಕ್ಕೆ ಹುಳಿಯೂ ಬೇಡ, ನೀರೂ ಬೇಡ. ಅದರಲ್ಲೂ ಬೀಟೆಯಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿದ ಇನ್ಲೇ ಪೆಟ್ಟಿಗೆ ಆದರೆ, ಹುಳಿನೀರು ಸಂದಿಗೆ ಇಳಿದು ಅಂಟನ್ನೇ ಸಡಿಲ ಮಾಡುತ್ತದೆ.

ಹಾಗಾಗಿ ಮೊದಲು ಬಿಚ್ಚಿ. ಪ್ರತಿ ಹಿಡಿಕೆಯ ಸ್ಕ್ರೂಗಳನ್ನು ಅದರ ಜೊತೆಗೇ ಪೊಟ್ಟಣ ಕಟ್ಟಿಡಿ, ಹಳೆಯ ಸ್ಕ್ರೂಗಳು ಒಂದರಂತೆ ಒಂದು ಇರುವುದಿಲ್ಲ. ಹುಣಸೆಹಣ್ಣೋ ಮುರುಗಲ ಸಿಪ್ಪೆಯೋ ಹಚ್ಚಿ ತಿಕ್ಕಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಮೇಣ ಸವರಿ. ಹುಳಿ ಉಳಿದರೆ ಮತ್ತೆ ಹಸಿರು ಕಿಲುಬು ಹಿಡಿಯುತ್ತದೆ. ನಮ್ಮ ಕಡಲ ಗಾಳಿಯಲ್ಲಿ ಉಪ್ಪಿದೆ, ಅದು ಬರಿ ಹಿತ್ತಾಳೆಯನ್ನು ಸುಮ್ನೆ ಬಿಡುವುದಿಲ್ಲ. ಅಂಗಡಿಯಿಂದ ತಂದ ಹೊಸ ಹಿಡಿಕೆಗೆ ಲ್ಯಾಕರ್, ಅಂದರೆ ಹೊಳಪು ಉಳಿಸುವ ತೆಳು ಲೇಪ, ಹೊಡೆದಿದ್ದರೆ ಹುಳಿ ಮುಟ್ಟಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬೀಗದ ಕಣ್ಣಿನ ಸುತ್ತ ಸಣ್ಣ ಮೊಳೆ ಹೊಡೆದು ಕೂರಿಸಿದ ತಗಡು ಇರುತ್ತದಲ್ಲ, ಅದನ್ನು ಮಾತ್ರ ಎಬ್ಬಿಸಲು ಹೋಗಬೇಡಿ, ಮರ ಸೀಳುತ್ತದೆ. ಹಳೆ ಎಕ್ಸ್‌ರೇ ಹಾಳೆಯಲ್ಲಿ ಆ ತಗಡಿನ ಅಳತೆಗೆ ತೂತು ಕತ್ತರಿಸಿ ಮೇಲಿಂದ ಹೊಂದಿಸಿ. ಮರ ಮುಚ್ಚಿರುತ್ತದೆ, ತಗಡು ಮಾತ್ರ ಹೊರಗೆ ಕಾಣುತ್ತದೆ. ಬಟ್ಟೆಗೆ ಒಂದು ಹನಿ ಹಿತ್ತಾಳೆ ಪಾಲಿಶ್ ಹಾಕಿ ಅಷ್ಟನ್ನೇ ಉಜ್ಜಿ. ಪಾಲಿಶ್ ಮರದ ಎಳೆಗೆ ಹೋದರೆ ಬಿಳಿ ಪುಡಿಯಾಗಿ ಕೂತುಬಿಡುತ್ತದೆ.

ಹೊಸದು ಕೊಳ್ಳುವಾಗ ಹಿಡಿಕೆಯ ಬೆನ್ನು ನೋಡಿ. ಹಿಂಬದಿ ಸಣ್ಣಗೆ ಗೀರಿದಾಗ ಒಳಗೂ ಹಳದಿ ಕಂಡರೆ ಹಿತ್ತಾಳೆ. ಬೆಳ್ಳಗೆ ಕಂಡರೆ ಸತುವಿನ ಮೇಲೆ ಬಣ್ಣ ಕೊಟ್ಟ ಮಾಲು. ಅಯಸ್ಕಾಂತ ಹಿಡಿದು ನೋಡಿದರೆ ಸಾಲದು, ಸತುವಿಗೂ ಅದು ಅಂಟುವುದಿಲ್ಲ. ಕಬ್ಬಿಣದ ಮೇಲೆ ಹಿತ್ತಾಳೆ ಬಣ್ಣ ಕೊಟ್ಟ ಬಿಜಾಗ್ರಿಯನ್ನಷ್ಟೇ ಹಾಗೆ ಹಿಡಿಯಬಹುದು.

ಹಿತ್ತಾಳೆಗೆ ಹಿತ್ತಾಳೆ ಸ್ಕ್ರೂವೇ ಸರಿ. ಕಬ್ಬಿಣದ್ದು ಹಾಕಿದರೆ ಇಲ್ಲಿಯ ಗಾಳಿಗೆ ತುಕ್ಕು ಹಿಡಿದು ಸುತ್ತಲ ಮರವೂ ಕಪ್ಪಾಗುತ್ತದೆ. ಆದರೆ ಹಿತ್ತಾಳೆ ಸ್ಕ್ರೂ ಮೆತ್ತಗೆ, ಸಾಗುವಾನಿ ಬೀಟೆಯಂಥ ಗಟ್ಟಿ ಮರಕ್ಕೆ ನೇರ ತಿರುಗಿಸಿದರೆ ತಲೆಯೇ ಮುರಿಯುತ್ತದೆ. ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆಯಿರಿ. ಆ ದಾರಿಯಲ್ಲಿ ಹಿತ್ತಾಳೆಯದನ್ನು ಮೇಣದಬತ್ತಿಗೆ ತಿಕ್ಕಿ ಕೂರಿಸಿ. ಒಳ್ಳೆಯ ಆಚಾರಿಗಳು ಹೀಗೇ ಮಾಡುತ್ತಾರೆ. ಅವಸರದವರ ಕೈಗೆ ಹಳೆ ಪೆಟ್ಟಿಗೆ ಕೊಡಬೇಡಿ.

ಇನ್ನು ಮರದ ಚಿತ್ರದ ಮಾತು. ಮೈಸೂರಿನ ಇನ್ಲೇಯಲ್ಲಿ ಬೀಟೆ ಹಲಗೆಯನ್ನು ಉಳಿಯಲ್ಲಿ ತೋಡಿ, ಆ ಕುಳಿಗೆ ಸರಿಯಾಗಿ ಬೇರೆ ಮರದ ಚೂರು ಕೂರಿಸುತ್ತಾರೆ. ಒಂದು ಕಾಲದಲ್ಲಿ ದಂತವೇ ಕೂರುತ್ತಿತ್ತು, ಅರಮನೆಯ ಬಾಗಿಲಲ್ಲಿ ಇಂದಿಗೂ ಕಾಣುತ್ತದೆ. ಮಾರ್ಕೆಟ್ರಿ ಎಂಬ ಇನ್ನೊಂದು ಬಗೆಯಲ್ಲಿ ಕುಳಿ ತೋಡುವುದಿಲ್ಲ. ಕಾಗದದಷ್ಟು ತೆಳುವಾದ ಮರದ ಪದರದ, ಅಂದರೆ ವಿನಿಯರ್ ಚೂರುಗಳನ್ನು ಜೋಡಿಸಿ ಇಡೀ ಚಿತ್ರವನ್ನೇ ಹಲಗೆ ಮೇಲೆ ಅಂಟಿಸುತ್ತಾರೆ. ಈಗಿನ ವಿನಿಯರ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಅದಕ್ಕೆ ಉಪ್ಪುಕಾಗದ ಹಿಡಿದರೆ ಚಿತ್ರವೇ ಹೋಗುತ್ತದೆ. ಎಷ್ಟು ಕೊಳೆಯಾದರೂ ಉಪ್ಪುಕಾಗದ ಬೇಡ.

ವರ್ಷಕ್ಕೊಮ್ಮೆ ಚಿತ್ರದ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ ಅಂಟು ಬಿಟ್ಟಿದೆ ಎಂದರ್ಥ. ಚೂರು ಉದುರಿ ಕಳೆದುಹೋಗುವ ಮೊದಲೇ ಔಷಧಿ ಅಂಗಡಿಯಿಂದ ಒಂದು ಸಿರಿಂಜ್ ತಂದು, ನೀರು ಬೆರೆಸಿ ಸಡಿಲ ಮಾಡಿದ ಫೆವಿಕಾಲ್ ಒಂದೆರಡು ಹನಿ ಒಳಗೆ ಬಿಡಿ. ಹೊರಬಂದ ಅಂಟನ್ನು ಒರೆಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಹಲಗೆ ಇಟ್ಟು ಭಾರ ಹೇರಿ ರಾತ್ರಿಯಿಡೀ ಬಿಡಿ. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುವ ಹಳೆಯ ಕಾಲದ ಸರೇಸು ಅಂಟಿನ ಕೆಲಸವಾದರೆ ನೀವು ಕೈ ಹಾಕಬೇಡಿ, ತಿಳಿದ ಕೆಲಸಗಾರರಿಗೇ ತೋರಿಸಿ. ಶಿರಸಿ, ಸಿದ್ದಾಪುರ ಕಡೆ ಗುಡಿಗಾರರ ಮನೆತನಗಳಿವೆ, ಕೆತ್ತನೆಯ ಕೈ ಅವರದು. ಅವರಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ.

ಮರಕ್ಕೆ ತೆಂಗಿನೆಣ್ಣೆ ಹಚ್ಚುವ ರೂಢಿ ಬಿಡಿ. ಧೂಳು ಹಿಡಿಯುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಶಿರಸಿ ಸೀಮೆಯಲ್ಲಿ ಜೇನುಮೇಣಕ್ಕೇನು ಬರವೇ? ಒಂದು ಪಾಲು ಮೇಣವನ್ನು ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಒಲೆ ಆರಿಸಿ, ಬೆಂಕಿಯಿಂದ ದೂರ ತಂದು ಮೂರು ಪಾಲು ಟರ್ಪೆಂಟೈನ್ ಬೆರೆಸಿ. ತಣಿದ ಮೇಲೆ ಬೆರಳ ತುದಿಯಷ್ಟು ತೆಗೆದು ಹತ್ತಿಬಟ್ಟೆಯಲ್ಲಿ ಸವರಿ ಹೊಳಪು ಬರಿಸಿ. ಪೆಟ್ಟಿಗೆಯನ್ನು ಕಿಟಕಿ ಬಿಸಿಲಿಗೆ ಇಡಬೇಡಿ. ಚಿತ್ರದಲ್ಲಿ ಕೂರಿಸಿದ ಹಲಸಿನ ಮರದ ಹಳದಿ ಕಂದಾಗುತ್ತಾ, ಬೀಟೆಯ ಕಪ್ಪು ಮಾಸುತ್ತಾ ಹೋಗಿ ಚಿತ್ರದ ಬಣ್ಣಗಳೆಲ್ಲ ಒಂದೇ ಆಗುತ್ತವೆ. ಗೋಡೆಯಿಂದ ಗೇಣಷ್ಟು ಬಿಟ್ಟಿಡಿ. ಬೂಷ್ಟು ಬಂದರೆ ಹೊರಗೆ ಒಯ್ದು ಒಣ ಬ್ರಶ್ಶಿನಿಂದ ಉದುರಿಸಿ.

ಆಷಾಢದಲ್ಲಿ ಮೇಜಿನ ಡ್ರಾಯರ್ ಕಚ್ಚಿಕೊಂಡರೆ ಆಚಾರಿಯನ್ನು ಕರೆದು ಹೆರೆಸಬೇಡಿ. ಮರ ಹಿಗ್ಗಿದೆ ಅಷ್ಟೇ. ಆಗ ಹೆರೆದರೆ ಬೇಸಿಗೆಯಲ್ಲಿ ಲೊಡಲೊಡ ಆಗುತ್ತದೆ. ಜಾರುವ ಪಟ್ಟಿಗೆ ಮೇಣದಬತ್ತಿ ತಿಕ್ಕಿ ದಿನ ಕಳೆಯಿರಿ. ಜನವರಿಯಲ್ಲೂ ಬಿಗಿಯಾಗಿದ್ದರೆ ಆಗ ಹೆರೆಸಿ.